ಭಯದ ದಿನಗಳಲ್ಲಿ ಪುರಾವೆ ಕೇಳುವವರು
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿವರ್ಯರ(ಸ) ಮೇಲೆ ಸಲಾತ್, ಸಲಾಮ್‌ಗಳಿರಲಿ.



ನನಗೂ ನಿಮಗೂ ತಖ್ವಾದ ಉಪದೇಶ ಮಾಡುತ್ತೇನೆ. ಕಿವಿಗೆ ಬಿದ್ದ ಸುದ್ದಿಯನ್ನು ಪರಿಶೀಲಿಸದೆ ನಂಬಿ ಯಾರಿಗೂ ಹಾನಿ ಮಾಡಬಾರದೆಂಬ ಶಿಸ್ತನ್ನು ಸೂರಃ ಅಲ್‌ಹುಜುರಾತ್‌ನ 6ನೇ ವಚನ ನಮಗೆ ಕಲಿಸುತ್ತದೆ. ಜನ ನೆಮ್ಮದಿಯಿಂದಿರುವಾಗ ಇದು ಸುಲಭ. ಹೆದರಿರುವಾಗ ಮಾತ್ರ ಪುರಾವೆ ಕೇಳುವವನ ಮೇಲೆಯೇ ಅನುಮಾನ. ಅಧಿಕಾರದಲ್ಲಿರುವವರಿಗೆ ಈ ಮರ್ಮ ಚೆನ್ನಾಗಿ ಗೊತ್ತು.

ಬೆಂಗಳೂರಿನ ಡಾ. ಮುಹಮ್ಮದ್ ಹನೀಫ್ ಅವರ ಪ್ರಕರಣ ಹಿರಿಯರಿಗೆ ನೆನಪಿರಬಹುದು. 2007ರ ಜೂನ್ 30ರಂದು ಬ್ರಿಟನ್ನಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಲಾಯಿತು. ನುಗ್ಗಿಸಿದವರಲ್ಲೊಬ್ಬ ಬೆಂಗಳೂರಿನವನು, ಹನೀಫರ ಸಂಬಂಧಿ. ಆ ಕೃತ್ಯ ಹರಾಮ್, ಎರಡು ಮಾತಿಲ್ಲ. ಜನರ ಭಯವೂ ಸುಳ್ಳಲ್ಲ.

ಎರಡು ದಿನಗಳ ಬಳಿಕ, ಆಸ್ಟ್ರೇಲಿಯಾದಲ್ಲಿ ವೈದ್ಯರಾಗಿದ್ದ ಹನೀಫರು ಹಸುಗೂಸನ್ನು ನೋಡಲು ಊರಿಗೆ ಹೊರಟಿದ್ದಾಗ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧನ. ಹಿಂದಿನ ವರ್ಷ ಬ್ರಿಟನ್ ಬಿಡುವಾಗ ಸಂಬಂಧಿಯೊಬ್ಬರಿಗೆ ಸಿಮ್ ಕಾರ್ಡ್ ಕೊಟ್ಟು ಬಂದದ್ದೇ ಅವರ ಮೇಲಿನ ಆಪಾದನೆ. ಆರೋಪ ಹೊರಿಸದೆಯೇ 12 ದಿನ ಇಟ್ಟುಕೊಂಡರು. ಸಿಮ್ ಆ ಜೀಪಿನಲ್ಲೇ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಿದರು. ಅದು ಸಿಕ್ಕಿದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ!

ಅದು ಅಲ್ಲಿ ಚುನಾವಣೆಯ ವರ್ಷ. ಜುಲೈ 16ರಂದು ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಅದೇ ದಿನ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ವೀಸಾ ರದ್ದು ಮಾಡಿದರು. ಜಾಮೀನು ಸಿಕ್ಕಿತು, ಬಿಡುಗಡೆ ಸಿಗಲಿಲ್ಲ. ಹನೀಫರಿಗೆ ಸಂಚಿನ ಸುಳಿವಿತ್ತೆನ್ನಲು ಮಾಹಿತಿ ಇಲ್ಲವೆಂದು ಗುಪ್ತಚರ ಸಂಸ್ಥೆಯೇ ಐದು ದಿನ ಮೊದಲು ಸರಕಾರಕ್ಕೆ ತಿಳಿಸಿತ್ತು. ವಿರೋಧ ಪಕ್ಷವಾದರೂ ಪ್ರಶ್ನಿಸಿತೇ? ಲೇಬರ್ ಪಕ್ಷ ಮೊದಮೊದಲು ಸಚಿವರ ಬೆನ್ನಿಗೇ ನಿಂತಿತು. ಭಯದ ರಾಜಕೀಯ ನಡೆಯುವುದೇ ಹೀಗೆ. ಆಳುವವರು ಬಿಗಿ ತೋರಿಸುತ್ತಾರೆ, ಎದುರಾಳಿಗಳಿಗೆ ಮೆದುವೆನಿಸಿಕೊಳ್ಳುವ ಅಂಜಿಕೆ, ನಡುವೆ ಒಬ್ಬ ಮನುಷ್ಯ ಜೈಲಿನಲ್ಲಿ.

ಜುಲೈ 27ಕ್ಕೆ ಆರೋಪ ಕೈಬಿಟ್ಟರು. ಅದಾದ ಮೇಲೂ ಸಚಿವರು ಹನೀಫರ ಚಾಟ್ ಮಾತುಕತೆಯ ತುಣುಕುಗಳನ್ನು ಪತ್ರಿಕೆಗಳ ಮುಂದಿಟ್ಟು ಅನುಮಾನ ಆರದಂತೆ ನೋಡಿಕೊಂಡರು. ವೀಸಾ ರದ್ದತಿ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಆರೋಪ ಹೊರಿಸುವಷ್ಟು ಸಾಕ್ಷ್ಯವೇ ಇರಲಿಲ್ಲವೆಂದು ಮಾಜಿ ನ್ಯಾಯಾಧೀಶ ಜಾನ್ ಕ್ಲಾರ್ಕ್‌ರ ವಿಚಾರಣಾ ವರದಿ 2008ರಲ್ಲಿ ಹೇಳಿತು. ಸಚಿವರು ಚುನಾವಣೆಗಾಗಿಯೇ ಹಾಗೆ ಮಾಡಿದರೆಂದು ಅದು ಹೇಳಲಿಲ್ಲ, ನ್ಯಾಯವಾಗಿ ಇದನ್ನೂ ತಿಳಿಸಬೇಕು. ಮನದೊಳಗಿನ ನಿಯ್ಯತ್ತು ಅಲ್ಲಾಹನಿಗೆ ಗೊತ್ತು. ಮಾಡಿದ ಕೆಲಸ ಮಾತ್ರ ಎಲ್ಲರ ಕಣ್ಣೆದುರಿಗಿದೆ.

ನನಗೆ ಹೆಚ್ಚು ನೆನಪಾಗುವುದು ಹನೀಫರ ವಕೀಲರಾಗಿದ್ದ ಸ್ಟೀಫನ್ ಕೀಮ್. ಹನೀಫರ ನೆಂಟರಲ್ಲ, ನಮ್ಮ ಊರಿನವರೂ ಅಲ್ಲ. ಪೊಲೀಸರು ಕೇಳಿದ್ದೇನು, ಹನೀಫರು ಹೇಳಿದ್ದೇನು ಎಂಬ ದಾಖಲೆಯನ್ನೇ ಪತ್ರಿಕೆಗೆ ಕೊಟ್ಟುಬಿಟ್ಟರು. ಪ್ರಧಾನಿ ಹೋವರ್ಡ್ ಟೀಕಿಸಿದರು, ಪೊಲೀಸ್ ಮುಖ್ಯಸ್ಥರು ಅವರ ಮೇಲೆ ದೂರು ಕೊಟ್ಟರು. ಆದರೆ ಜನ ಓದಿದರು, ಗಾಳಿ ತಿರುಗಿತು. ಹಗೆತನ ಕೂಡ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂಬ ಸೂರಃ ಅಲ್‌ಮಾಇದಃದ 8ನೇ ವಚನವನ್ನು ನಾವು ಓದುತ್ತೇವೆ, ಆ ಕೆಲಸವನ್ನು ಅವರು ಮಾಡಿದರು.

ಇನ್ನು ನಮ್ಮ ಸರದಿ. ಬೇರೆ ಸಮುದಾಯದವರೊಬ್ಬರ ಫೋಟೋ ಹಾಕಿ ‘ಇವನೇ ಅಪರಾಧಿ’ ಎಂದು ವಾಟ್ಸಾಪ್‌ನಲ್ಲಿ ಬಂದಾಗ ನಾವು ಪುರಾವೆ ಕೇಳುತ್ತೇವೆಯೇ? ನಮ್ಮದೇ ಮೊಹಲ್ಲಾದ ಹುಡುಗನನ್ನು ಪೊಲೀಸರು ಕರೆದೊಯ್ದರೆ ಅವನ ಮನೆಗೆ ಹೋಗುವುದನ್ನು ಮೊದಲು ನಿಲ್ಲಿಸುವವರು ಯಾರು? ತಪ್ಪು ಮಾಡಿದ್ದರೆ ಕಾನೂನು ಶಿಕ್ಷಿಸಲಿ. ಅಲ್ಲಿಯವರೆಗೆ ಆ ತಾಯಿಗೊಂದು ಸಲಾಮ್ ಹೇಳಲು, ಒಬ್ಬ ಒಳ್ಳೆಯ ವಕೀಲರನ್ನು ಹುಡುಕಿಕೊಡಲು ಯಾರ ಅಪ್ಪಣೆ ಬೇಕು?

ತಪ್ಪಿಲ್ಲದೆ ಸೆರೆಯಲ್ಲಿರುವ ಎಲ್ಲರಿಗೂ, ಅವರು ಯಾವ ಧರ್ಮದವರೇ ಆಗಿರಲಿ, ಅಲ್ಲಾಹನು ಬಿಡುಗಡೆ ಕರುಣಿಸಲಿ. ಬಾಂಬಿಗೂ ಬೆಂಕಿಗೂ ಬಲಿಯಾದವರ ಮನೆಯವರಿಗೆ ಸಾಂತ್ವನ ನೀಡಲಿ. ಆಮೀನ್.