ಫೋನಿನಲ್ಲಿ ಚದುರಂಗದ ಪತ್ರಿಕೆ
(ಛತ್ರಪತಿ ಸಂಭಾಜಿನಗರದ ಕನ್ನಡಿಗರ ಕೂಟದಲ್ಲಿ ಮಾಡಿದ ಭಾಷಣ)



ನಾಸಿಕದ ನಮ್ಮ ವಾಚನಾಲಯದ ಪರವಾಗಿ ಬಂದಿದ್ದೇವೆ. ಚದುರಂಗದ ಪತ್ರಿಕೆಯನ್ನು ಕಾಗದದಲ್ಲಿ ತರಿಸುವುದನ್ನು ಬಿಟ್ಟು ಒಂದು ಟ್ಯಾಬ್ಲೆಟ್ ಕೊಳ್ಳಬೇಕೇ ಬೇಡವೇ ಎಂದು ತಮ್ಮಲ್ಲಿ ವಾದ ಎದ್ದಿದೆಯೆಂದೂ, ನಾವು ಬಂದು ನಾಲ್ಕು ಮಾತು ಹೇಳಬೇಕೆಂದೂ ತಮ್ಮ ಕಾರ್ಯದರ್ಶಿಗಳು ಬರೆದಿದ್ದರು. ಆ ವಾದ ನಮ್ಮಲ್ಲಿ ಆಗಿ ಮುಗಿದಿದೆ. ಮುಗಿದಿದೆ ಎನ್ನುವುದಕ್ಕಿಂತ ತಣ್ಣಗಾಗಿದೆ ಎಂದರೆ ಸರಿಯಾದೀತು. ಆದುದರಿಂದ ನಾವು ಇಲ್ಲಿ ಪಂಡಿತರಾಗಿ ನಿಂತಿಲ್ಲ, ಪೆಟ್ಟು ತಿಂದವರಾಗಿ ನಿಂತಿದ್ದೇವೆ.

ಹಿರಿಯರ ಬಾಯಲ್ಲಿ ಈ ಊರು ಇನ್ನೂ ಔರಂಗಾಬಾದೇ. 1956ಕ್ಕೆ ಮುಂಚೆ ಬೀದರ, ಕಲಬುರ್ಗಿ, ರಾಯಚೂರುಗಳೂ ಈ ಊರೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಆಗಿನ ಮನೆಗಳಲ್ಲಿ ಹಿರಿಯರು ಆಡುತ್ತಿದ್ದುದು ದೇಶೀ ಆಟ. ಪದಾತಿಗೆ ಮೊದಲ ನಡೆಯಲ್ಲಿ ಎರಡು ಮನೆ ದಾಟುವ ಅಧಿಕಾರವಿರಲಿಲ್ಲ. ಮಂತ್ರಿಯನ್ನು ವಜೀರ ಎನ್ನುವುದು ನಮಗೆ ಅಲ್ಲಿಂದಲೇ ರೂಢಿ. ಮರಾಠಿ ಗೆಳೆಯರೊಡನೆ ಆಡುವಾಗ ಅವರು ಆನೆಯನ್ನು ‘ಹತ್ತಿ’ ಎನ್ನುತ್ತಾರೆ. ನಮ್ಮ ಮನೆಯ ಮಕ್ಕಳು ಮೊದಮೊದಲು, ಮಣೆಯ ಮೂಲೆಯಲ್ಲಿ ಹತ್ತಿಯನ್ನು ಏಕೆ ಇಟ್ಟಿದ್ದಾರೆಂದು ಬೆರಗಾಗುತ್ತಿದ್ದರು!

ಇರಲಿ. ಇಂದು ಬೆಳಿಗ್ಗೆ ಎಸ್.ಟಿ. ಬಸ್ಸಿನಲ್ಲಿ ಹೊರಟವರು ಪರೀಕ್ಷೆಗೆಂದೇ ದಾರಿಯುದ್ದಕ್ಕೂ ಫೋನಿನಲ್ಲಿ ಪತ್ರಿಕೆ ಓದುತ್ತ ಬಂದೆವು. ಅದು ಅಚ್ಚಿನ ಪುಟದ ಪಡಿಯಚ್ಚು. ಎರಡು ಅಂಕಣದ ಪುಟ ಅಂಗೈಯಗಲದ ಗಾಜಿನಲ್ಲಿ ಹಿಡಿಯುವುದಿಲ್ಲ. ಅಕ್ಷರ ದೊಡ್ಡದು ಮಾಡಿದರೆ ಮಣೆಯ ಚಿತ್ರ ಹೊರಗೆ ಹೋಗುತ್ತದೆ. ಚಿತ್ರಕ್ಕೆ ಸರಿದರೆ ನಡೆಗಳು ತಪ್ಪಿಹೋಗುತ್ತವೆ. ಯೇವಲೆಗೆ ಬರುವಷ್ಟರಲ್ಲಿ ಅರ್ಧ ಆಟ ಓದಿದ್ದೆವು. ವೈಜಾಪುರದಲ್ಲಿ ನೋಡಿದರೆ ನಮ್ಮ ಮನಸ್ಸಿನ ಮಣೆಯಲ್ಲಿ ಬಿಳಿಯರಿಗೆ ಮೂರು ಕುದುರೆಗಳಿದ್ದವು.

ಕಥೆಯ ಪತ್ರಿಕೆಯನ್ನು ಬಸ್ಸಿನಲ್ಲಿ ಓದಬಹುದು. ಚದುರಂಗದ ಪತ್ರಿಕೆ ಹಾಗಲ್ಲ. ಅದು ಸಂಗೀತದ ಸ್ವರಲಿಪಿಯ ಹಾಗೆ. ಬರೆದದ್ದನ್ನು ನುಡಿಸಿದರೆ ಮಾತ್ರ ಅದು ಸಂಗೀತ. ಮೊದಲು ಪತ್ರಿಕೆ ಓದುವುದೆಂದರೆ ಎಡಗಡೆ ಪುಟ, ಬಲಗಡೆ ಮಣೆ, ನಡುವೆ ನಮ್ಮ ಬೆರಳು. ಹಳೆಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಇನ್ನೊಂದು ಕಷ್ಟವಿತ್ತು. ಒಂದೇ ಮನೆಗೆ ಬಿಳಿಯರ ಕಡೆಯಿಂದ ಒಂದು ಹೆಸರು, ಕರಿಯರ ಕಡೆಯಿಂದ ಇನ್ನೊಂದು. ಬೆಲ್‌ಗ್ರೇಡಿನಲ್ಲಿ 1966ರಲ್ಲಿ ಶುರುವಾದ ಇನ್‌ಫಾರ್ಮೇಟರ್ ಎಂಬ ಪ್ರಕಟಣೆ ಕಾಯಿಗಳ ಹೆಸರಿನ ಬದಲು ಪುಟ್ಟ ಚಿತ್ರಗಳನ್ನೂ, ವಿಮರ್ಶೆಯ ಮಾತಿನ ಬದಲು ಸಂಕೇತಗಳನ್ನೂ ಅಚ್ಚುಮಾಡಿತು. ಕನ್ನಡಿಗನೂ ರಷ್ಯನ್ನನೂ ಅದನ್ನು ಒಂದೇ ಸಮನಾಗಿ ಓದಬಹುದಾಯಿತು. ಇಂದು ಫೋನಿನಲ್ಲಿ ಓಡಾಡುವ ಆಟಗಳ ಬರವಣಿಗೆಗೆ ಒಂದು ಸಾಮಾನ್ಯ ಕ್ರಮ ಬಂದದ್ದು 1993ರಲ್ಲಿ, ಅದನ್ನು ಪಿ.ಜಿ.ಎನ್. ಎನ್ನುತ್ತಾರೆ. ಅದರಿಂದಲೇ ಈಗ ಪತ್ರಿಕೆಯ ನಡೆಯ ಮೇಲೆ ಬೆರಳಿಟ್ಟರೆ ಪಕ್ಕದ ಮಣೆಯಲ್ಲಿ ಕಾಯಿ ತಾನಾಗಿ ಸರಿಯುತ್ತದೆ. ಬಸ್ಸಿನಲ್ಲಿ ನಾವು ಪಟ್ಟ ಪಾಡು ಇಂಥ ಪತ್ರಿಕೆಯಲ್ಲಿ ಇಲ್ಲ. ಆದರೆ ಬೇರೊಂದು ಪಾಡು ಇದೆ.

ನಮ್ಮ ನಾಸಿಕದ ಹುಡುಗ ವಿದಿತ್ ಗುಜರಾತಿ 2023ರಲ್ಲಿ ಐಲ್ ಆಫ್ ಮ್ಯಾನ್‌ನಲ್ಲಿ ಗ್ರ್ಯಾಂಡ್ ಸ್ವಿಸ್ ಗೆದ್ದು, 2024ರ ಏಪ್ರಿಲ್‌ನಲ್ಲಿ ಟೊರೊಂಟೊದ ಕ್ಯಾಂಡಿಡೇಟ್ಸ್ ಪಂದ್ಯಕ್ಕೆ ಹೋದರು. ಅಲ್ಲಿ ಮಧ್ಯಾಹ್ನ ಎರಡೂವರೆ ಎಂದರೆ ಇಲ್ಲಿ ನಡುರಾತ್ರಿ. ಎರಡನೆಯ ಸುತ್ತು ನಕಾಮುರಾ ಎದುರು, ವಿದಿತರದು ಕರಿಯ ಕಾಯಿ. ನಾವು ಕೆಲವರು ಹಾಸಿಗೆಯಲ್ಲೇ ಫೋನು ಹಿಡಿದು ಎಚ್ಚರವಿದ್ದೆವು. ವಿದಿತ್ ಒಂಟೆಯನ್ನು ಬಲಿಗೊಟ್ಟು ಎಚ್3ರ ಪದಾತಿಯನ್ನು ಹೊಡೆದರು. ಪಕ್ಕದ ಪಟ್ಟಿ ಏರಿತು, ಇಳಿಯಿತು. ನಮ್ಮ ಎದೆಯೂ ಹಾಗೆಯೇ. ಗೆದ್ದಾಗ ಮನೆಯವರನ್ನು ಎಬ್ಬಿಸಿ ಬೈಸಿಕೊಂಡೆವು. ಮರುದಿನ ವಾಚನಾಲಯದಲ್ಲಿ ಒಬ್ಬರು, "ಒಂಟೆ ಏಕೆ ಕೊಟ್ಟ?" ಎಂದು ಕೇಳಿದರೆ ನಮ್ಮಲ್ಲಿ ಒಬ್ಬರಿಗೂ ಉತ್ತರ ತಿಳಿಯದು. ರಾತ್ರಿಯೆಲ್ಲ ನೋಡಿದ್ದೆವು, ಒಂದಕ್ಷರ ಓದಿರಲಿಲ್ಲ. ಮರದ ಮಣೆ ತೆಗೆದು ಕಾಯಿ ಜೋಡಿಸಿ ಎರಡು ಸಂಜೆ ಕೂತ ಮೇಲೆ ಸ್ವಲ್ಪ ತಿಳಿಯಿತು.

ಟ್ಯಾಬ್ಲೆಟ್ ಬಂದಾಗ ನಮ್ಮಲ್ಲಿ ಅತಿ ಹೆಚ್ಚು ವಿರೋಧಿಸಿದವರು ಬೀದರ ಕಡೆಯ ಒಬ್ಬ ಹಿರಿಯರು. ಕಾಗದದ ಪತ್ರಿಕೆಯನ್ನು ಬಿಡುವುದಿಲ್ಲ ಎಂದು ಹಟ. ನಿಜ ಸಂಗತಿ ಏನೆಂದರೆ, ಕಣ್ಣು ಮಂಜಾಗಿ ಅವರು ಆ ಪತ್ರಿಕೆಯನ್ನು ಓದುವುದು ಯಾವಾಗಲೋ ನಿಂತುಹೋಗಿತ್ತು. ಪುಟ ತೆರೆದಿಟ್ಟುಕೊಂಡು ಕೂತಿರುತ್ತಿದ್ದರು, ಅಷ್ಟೆ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಒಬ್ಬ ಹುಡುಗ ಟ್ಯಾಬ್ಲೆಟ್ಟನ್ನು ಅವರ ಮುಂದಿಟ್ಟು ಅಕ್ಷರವನ್ನು ಹೆಬ್ಬೆಟ್ಟಿನಷ್ಟು ದೊಡ್ಡದು ಮಾಡಿದ. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊದಲ ನಡೆಯನ್ನು ಗಟ್ಟಿಯಾಗಿ ಓದಿದರು. ಆ ದಿನದಿಂದ ಟ್ಯಾಬ್ಲೆಟ್ ಅವರ ಕೈಬಿಡಿಸುವುದೇ ನಮ್ಮ ತೊಂದರೆಯಾಯಿತು.

ಅದೇ ಹುಡುಗನ ಕಥೆ ಬೇರೆ. ಅವನು ಪತ್ರಿಕೆಯನ್ನು ಓದುವುದಿಲ್ಲ, ಒತ್ತುತ್ತಾನೆ. ಹತ್ತು ನಿಮಿಷದಲ್ಲಿ ಆರು ಆಟ ಮುಗಿಯುತ್ತವೆ. ಅನುಮಾನ ಬಂದಲ್ಲಿ ಎಂಜಿನ್ನಿನ ಗುಂಡಿ. ಒಂದು ಸಂಜೆ ಅವನು, "ಅಜ್ಜಾರ, ಇಲ್ಲಿ ಬಿಳಿಯವರು ಗೆದ್ದಾರಂತ ಎಂಜಿನ್ ಹೇಳ್ತದ" ಎಂದ. "ಯಾಕ ಗೆದ್ದಾರಂತ ಹೇಳ್ತದೇನಪಾ?" ಎಂದರು ಹಿರಿಯರು. ಹುಡುಗ ಗಾಜನ್ನು ನೋಡಿದ, ಮೇಲೆ ನೋಡಿದ, ಸುಮ್ಮನಾದ. ನಮ್ಮ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯು ಅರವತ್ತನಾಲ್ಕು ಮನೆಗಳಲ್ಲಿ ಒಂದೊಂದೇ ಸಲ ಕಾಲಿಟ್ಟು ಬರುವ ನಡೆಗಳನ್ನು ರಚಿಸಿದವರು. ಮುಗಿದ ಗೆರೆಯನ್ನು ನೋಡಿ ಚೆಂದವೆನ್ನಬಹುದು. ಕುದುರೆಯನ್ನು ತಾನೇ ಹೂಡಿ ಐವತ್ತನೆಯ ಮನೆಯಲ್ಲಿ ಸಿಕ್ಕಿಬಿದ್ದವನಿಗೆ ಮಾತ್ರ ಅದರ ಬೆಲೆ ಗೊತ್ತು.

ಆ ಸಂಜೆಯ ಮೇಲೆ ನಾವು ಮೇಜಿನ ಮೇಲೆ ಮೂರು ವಸ್ತು ಇಟ್ಟೆವು: ಟ್ಯಾಬ್ಲೆಟ್, ಮರದ ಮಣೆ, ಒಂದು ಚೀಟಿ ಪುಸ್ತಕ. ಚಿತ್ರ ಬಂದಲ್ಲಿ ನಿಲ್ಲಬೇಕು, ಮುಂದಿನ ನಡೆ ಯಾವುದೆಂದು ಚೀಟಿಯಲ್ಲಿ ಬರೆಯಬೇಕು, ಆಮೇಲೆ ಒತ್ತಬೇಕು. ಎಂಜಿನ್ನು ಕಡೆಯಲ್ಲಿ. ಹಿರಿಯರು ಓದುತ್ತಾರೆ, ಹುಡುಗ ಮಣೆಯ ಮೇಲೆ ಕಾಯಿ ನಡೆಸುತ್ತಾನೆ. ಈಗ ಒಂದು ಸಂಜೆಗೆ ಒಂದೇ ಆಟ, ಕೆಲವೊಮ್ಮೆ ಅದೂ ಇಲ್ಲ. ಹುಡುಗನಿಗೆ ಇದು ಪೂರ್ತಿ ಒಪ್ಪಿಗೆ ಎಂದು ಹೇಳಿದರೆ ಸುಳ್ಳಾದೀತು.

ಹಣದ ಮಾತು ಹೇಳದಿದ್ದರೆ ತಮ್ಮ ಖಜಾಂಚಿಗಳು ನಮ್ಮನ್ನು ಬಿಡಲಾರರು. ಪತ್ರಿಕೆಗೆ ಚಂದಾ ಕಟ್ಟಿದಾಗ ನಮ್ಮ ಹಿಂದಿನ ಕಾರ್ಯದರ್ಶಿಗಳು ತಮ್ಮ ಸ್ವಂತ ಫೋನಿನ ನಂಬರು ಕೊಟ್ಟರು. ಅವರಿಗೆ ಪುಣೆಗೆ ವರ್ಗವಾಯಿತು. ಆಮೇಲೆ ನಾಸಿಕದಲ್ಲಿ ಪತ್ರಿಕೆ ತೆರೆಯಬೇಕಾದಾಗಲೆಲ್ಲ ಓ.ಟಿ.ಪಿ. ಪುಣೆಗೆ ಹೋಗುತ್ತಿತ್ತು; ಅವರು ಸ್ನಾನಕ್ಕೆ ಹೋಗಿದ್ದರೆ ಇಡೀ ವಾಚನಾಲಯ ಕಾಯಬೇಕು. ಸಂಘದ ಹೆಸರಿನಲ್ಲೇ ಒಂದು ನಂಬರು ಇಟ್ಟುಕೊಳ್ಳಿರಿ. ಇನ್ನೊಂದು ಸಂಗತಿ: ಒಬ್ಬ ಸದಸ್ಯರು ಉತ್ಸಾಹದಿಂದ ಸಂಚಿಕೆಯನ್ನೇ ವಾಟ್ಸಾಪಿನಲ್ಲಿ ಎಲ್ಲರಿಗೂ ಹಂಚಿಬಿಟ್ಟರು. ಒಂದು ಪ್ರತಿಯನ್ನು ಹತ್ತು ಜನ ಬಂದು ಓದುವುದು ವಾಚನಾಲಯದ ಹಳೆಯ ಧರ್ಮ. ಹತ್ತು ಪ್ರತಿ ಮಾಡಿ ಹಂಚುವುದು ಬೇರೆ. ಹಾಗಾದರೆ ಬರೆಯುವವನು ಏನು ತಿನ್ನಬೇಕು? ಅದಲ್ಲದೆ ಹಂಚಿದ ತಿಂಗಳು ನಮ್ಮ ಮೇಜಿಗೆ ಯಾರೂ ಬರಲಿಲ್ಲ. ಮನೆಯಲ್ಲಿ ಓದಿದರೇ ಎಂದರೆ ಅದೂ ಇಲ್ಲ.

ಕಾಗದದ ಪತ್ರಿಕೆ ಒಂದನ್ನು ನಾವು ಉಳಿಸಿಕೊಂಡಿದ್ದೇವೆ. ಚಂದಾ ನಿಂತರೆ ಹಳೆಯ ಸಂಚಿಕೆಗಳೂ ತೆರೆಯದಂತಾಗುವ ಪತ್ರಿಕೆಗಳಿವೆ. ಕಪಾಟಿನಲ್ಲಿ ಕಟ್ಟು ಹಾಕಿಸಿಟ್ಟದ್ದನ್ನು ಯಾರೂ ಮುಚ್ಚಲಾರರು, ಗೆದ್ದಲನ್ನು ಬಿಟ್ಟು. ಎರಡಕ್ಕೂ ಹಣವಿಲ್ಲದಿದ್ದರೆ ಟ್ಯಾಬ್ಲೆಟ್ಟನ್ನೇ ಕೊಳ್ಳಿರಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಮಣೆಯನ್ನು ಅಟ್ಟಕ್ಕೆ ಹಾಕಬೇಡಿರಿ.

ನಮ್ಮ ಬಸ್ಸು ಐದೂವರೆಗೆ. ಚೀಲದಲ್ಲಿ ಮಣೆ, ಕಾಯಿಗಳನ್ನು ತಂದಿದ್ದೇವೆ. ಚಹಾ ಬರುವಷ್ಟರಲ್ಲಿ ಟೊರೊಂಟೊದ ಆ ಆಟವನ್ನು ಒಂಟೆ ಬಲಿಯಾಗುವ ಹಿಂದಿನ ನಡೆಯವರೆಗೆ ಜೋಡಿಸಿಡುತ್ತೇವೆ. ಚೀಟಿಗಳೂ ಇವೆ. ಫೋನುಗಳನ್ನು ದಯವಿಟ್ಟು ಜೇಬಿನಲ್ಲೇ ಇಟ್ಟು ಬನ್ನಿರಿ.