ಅಗಸೆ, ಪುಂಡಿ, ಸಣಬು: ನಾರು ತೆಗೆಯುವ ಯಂತ್ರಗಳು



ಬಸವಕಲ್ಯಾಣ, ಹುಮನಾಬಾದ್ ಸೀಮೆಯ ಕಪ್ಪು ಭೂಮಿಗೆ ಅಗಸೆಯು ಹೊಸ ಬೆಳೆಯಲ್ಲ. ಹಿಂಗಾರಿಯಲ್ಲಿ ಬಿತ್ತಿ, ಕಾಳನ್ನು ಎಣ್ಣೆಗೂ ಹಿಂಡಿಗೂ ಬಳಸಿ, ಕಾಂಡವನ್ನು ಬಿಸಾಡುವುದು ರೂಢಿ. ಯೂರೋಪಿನಲ್ಲಿ ಇದೇ ಜಾತಿಯ ಗಿಡದ ನಾರಿನಿಂದ ಬೆಲೆಯುಳ್ಳ ಲಿನನ್ ಬಟ್ಟೆಯಾಗುವುದೆಂದು ಕೇಳಿದವರಿಗೆ, ಯಂತ್ರವೊಂದನ್ನು ತರಿಸಿದರೆ ಈ ಕಾಂಡವೂ ಹಣವಾದೀತೆಂಬ ಆಸೆ ಹುಟ್ಟುವುದು ಸಹಜ. ಆದರೆ ಹಣ ತೊಡಗಿಸುವುದಕ್ಕೆ ಮೊದಲು ಯಂತ್ರವು ಮಾಡುವುದೇನು, ಮಾಡಲಾರದುದೇನು ಎಂಬುದನ್ನು ಅರಿಯತಕ್ಕದ್ದು.

ನಾರು ಕಾಂಡದ ತೊಗಟೆಯಲ್ಲಿ ಒಂದು ಬಗೆಯ ಅಂಟಿನಿಂದ ಬಿಗಿದುಕೊಂಡಿರುವುದು. ಕಾಂಡವನ್ನು ನೀರಿನಲ್ಲಿ ಕೊಳೆಹಾಕಿದರೆ ಸೂಕ್ಷ್ಮಜೀವಿಗಳು ಅಂಟನ್ನು ಸಡಿಲಿಸುವುವು. ಅನಂತರ ಯೂರೋಪಿನ ಒಕ್ಕಲಿಗರು ಕಾಂಡವನ್ನು ಒಣಗಿಸಿ ಮುರಿದು, ಮರದ ಅಲಗಿನಿಂದ ಬಡಿದು, ಕಬ್ಬಿಣದ ಹಲ್ಲುಗಳುಳ್ಳ ಹಣಿಗೆಯಲ್ಲಿ ಬಾಚುತ್ತಿದ್ದರು. ಮೊದಲ ಯಂತ್ರಗಳು ಇದೇ ಕೆಲಸಗಳನ್ನು ಕೈಗೊಂಡುವು. ಗೀರುಳ್ಳ ಉರುಳೆಗಳು ಕಾಂಡವನ್ನು ಮುರಿದುವು. ನೀರಿನ ಚಕ್ರದಿಂದ ತಿರುಗುವ ಅಲಗುಗಳು ಕಟ್ಟಿಗೆಯ ಚೂರುಗಳನ್ನು ಉದುರಿಸಿದುವು.

ನೂಲುವ ಯಂತ್ರಕ್ಕೆ 1787ರಲ್ಲಿ ಇಂಗ್ಲೆಂಡಿನ ಕೆಂಡ್ರೂ ಮತ್ತು ಪೋರ್ಟ್‌ಹೌಸ್ ಎಂಬವರು ಹಕ್ಕುಪತ್ರ ಪಡೆದರು. ಅದರ ನೂಲು ದಪ್ಪವಾಗಿತ್ತು. 1810ರಲ್ಲಿ ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ನನು ಉತ್ತಮ ಯಂತ್ರಕ್ಕೆ 10 ಲಕ್ಷ ಫ್ರಾಂಕುಗಳ ಬಹುಮಾನವನ್ನು ಸಾರಿದನು. ಫಿಲಿಪ್ ದ ಗಿರಾರ್ ಎಂಬವನು ಅದೇ ವರ್ಷ ಯಂತ್ರವನ್ನು ರಚಿಸಿದರೂ ಬಹುಮಾನ ಅವನ ಕೈಸೇರಲಿಲ್ಲ. 1825ರಲ್ಲಿ ಇಂಗ್ಲೆಂಡಿನ ಜೇಮ್ಸ್ ಕೇ ಎಂಬವನು ನಾರನ್ನು ನೀರಿನಲ್ಲಿ ನೆನೆಸಿ ಸಣ್ಣ ನೂಲು ತೆಗೆಯುವ ಕ್ರಮವನ್ನು ಬಳಕೆಗೆ ತಂದನು. ಕೊಳೆಹಾಕದೆಯೇ ನಾರು ತೆಗೆಯುವ ಯಂತ್ರಗಳನ್ನೂ ಆ ಕಾಲದಲ್ಲಿ ಪ್ರಯತ್ನಿಸಿದರು. ಅಂಟು ಉಳಿದ ನಾರು ಒರಟಾದುದರಿಂದ ಅವು ನೆಲೆಗೊಳ್ಳಲಿಲ್ಲ.

ಇನ್ನು ಈ ಸೀಮೆಯ ಅಗಸೆಯ ವಿಚಾರ. ನಾರಿನ ಅಗಸೆಯನ್ನು ಒತ್ತಾಗಿ ಬಿತ್ತುವರು. ಅದು ಕವಲೊಡೆಯದೆ ಎತ್ತರ ಬೆಳೆಯುವುದು. ಕಾಳು ಪೂರ್ಣ ಬಲಿಯುವ ಮೊದಲೇ ಬೇರುಸಹಿತ ಕೀಳುವರು. ಕಾಳಿನ ಅಗಸೆ ಗಿಡ್ಡ, ಕವಲು ಬಹಳ. ಬಲಿತ ಮೇಲೆ ಅದರ ನಾರು ಒರಟು. ಇದರ ಕಾಂಡವನ್ನು ನಂಬಿ ಲಿನನ್ನಿನ ಯಂತ್ರ ಕೊಳ್ಳುವುದು ವಿವೇಕವಲ್ಲ.

ಹಗ್ಗ, ಕಣ್ಣಿಗಳಿಗೆ ಬೇಕಾದ ನಾರನ್ನು ಪುಂಡಿಯೂ ಸಣಬೂ ಕೊಡುತ್ತವೆ. ಸಣಬು ಯೂರೋಪಿನ ಹೆಂಪ್ ಅಲ್ಲ. ಆ ಹೆಂಪ್ ಭಂಗಿಯ ಜಾತಿಯದು. ಸಣಬಾದರೋ ದ್ವಿದಳ ಧಾನ್ಯಗಳ ಕುಲಕ್ಕೆ ಸೇರಿ ಭೂಮಿಗೂ ಸಾರ ಕೊಡುವುದು. ಇವುಗಳಲ್ಲಿಯೂ ಕೊಳೆಹಾಕುವುದೇ ಮುಖ್ಯ. ಕಡಿಮೆ ಕೊಳೆತರೆ ತೊಗಟೆ ಅಂಟಿಕೊಂಡಿರುವುದು. ಹೆಚ್ಚಾದರೆ ನಾರು ಕಡಿಯುವುದು. ದಿನಗಳ ಎಣಿಕೆಯನ್ನೇ ನಂಬದೆ ಪ್ರತಿದಿನ ಒಂದೆರಡು ಕಾಂಡಗಳನ್ನು ಸುಲಿದು ನೋಡತಕ್ಕದ್ದು. ಬುಡದಿಂದ ತುದಿಯವರೆಗೆ ನಾರು ಸರಾಗವಾಗಿ ಬಿಟ್ಟರೆ ಕೂಡಲೇ ತೆಗೆದು ತೊಳೆಯತಕ್ಕದ್ದು.

ಕೊಳೆಹಾಕಿದ ನೀರು ದುರ್ಗಂಧವಾಗಿ ಮೀನುಗಳು ಸಾಯುವುವು. ಆದುದರಿಂದ ಜನರೂ ದನಗಳೂ ಕುಡಿಯುವ ಕೆರೆಬಾವಿಗಳಿಂದ ದೂರವಾಗಿ ಪ್ರತ್ಯೇಕ ಹೊಂಡವನ್ನು ಗೊತ್ತುಮಾಡುವುದು ಗ್ರಾಮದ ಮುಖ್ಯಸ್ಥರ ಹೊಣೆ. ಕೆಟ್ಟ ನಾರನ್ನು ಯಾವ ಯಂತ್ರವೂ ಒಳ್ಳೆಯದಾಗಿಸಲಾರದು. ಮೊದಲು ಹೊಂಡ, ಬಳಿಕ ಯಂತ್ರ.