ಷರತ್ತಿಗೆ ಬೇಲಿ ಬೇಕು
(ಸಂಘದ ರಾತ್ರಿ ತರಗತಿಯಲ್ಲಿ ಮಾಡಿದ ಭಾಷಣ)



ಹಗಲು ಹೋಟೆಲಿನಲ್ಲೂ ಗಿರಣಿಯಲ್ಲೂ ದುಡಿದು ರಾತ್ರಿ ಕಂಪ್ಯೂಟರ್ ಕಲಿಯಲು ಬರುವ ನಮ್ಮ ತರುಣರು ಕೇಳುತ್ತಾರೆ: "ಪ್ರೋಗ್ರಾಂ ನಡೆದರೆ ಸಾಲದೇ? ಸಾಲು ಎಲ್ಲಿ ಮುರಿಯಬೇಕು, ಆವರಣ ಚಿಹ್ನೆ ಎಲ್ಲಿ ಹಾಕಬೇಕು ಎಂಬ ಕಟ್ಟಳೆ ಏಕೆ?" ಇದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಅಡುಗೆಮನೆಯ ಗೋಡೆಗೆ ಹೀಗೊಂದು ಚೀಟಿ ಅಂಟಿಸಿದರೆನ್ನಿ: "ಹಾಲು ಒಡೆದಿದ್ದರೆ ಚೆಲ್ಲು. ಕಾಫಿ ನಿಲ್ಲಿಸು." ಕಾಫಿ ನಿಲ್ಲಿಸಬೇಕಾದುದು ಹಾಲು ಒಡೆದ ದಿನ ಮಾತ್ರವೇ, ದಿನವೂ ನಿಲ್ಲಿಸಬೇಕೇ? ನಮಗೆ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯದು. ಸಿ ಭಾಷೆಯಲ್ಲಿ 'ಇಫ್' ಎಂಬ ಷರತ್ತಿಗೆ ಪುಷ್ಪಾವರಣ ಹಾಕದಿದ್ದರೆ, ಮುಂದಿನ ಒಂದೇ ಆಜ್ಞೆ ಅದಕ್ಕೆ ಸೇರುತ್ತದೆ. ಎರಡನೆಯದನ್ನು ಎಷ್ಟೇ ಒಳಕ್ಕೆ ಸರಿಸಿ ಬರೆದರೂ ಯಂತ್ರ ಆ ಖಾಲಿ ಜಾಗವನ್ನು ಲೆಕ್ಕಿಸದು. ಷರತ್ತು ನಿಜವಾಗಲಿ ಸುಳ್ಳಾಗಲಿ, ಅದನ್ನು ನಡೆಸಿಯೇ ಬಿಡುತ್ತದೆ.

ಇದರ ಫಲವನ್ನು 2014ರಲ್ಲಿ ಲೋಕವೇ ಕಂಡಿತು. ಆಪಲ್ ಕಂಪನಿಯ ಫೋನು, ಕಂಪ್ಯೂಟರುಗಳಲ್ಲಿ, ಎದುರಿಗಿರುವುದು ನಿಜವಾದ ಬ್ಯಾಂಕೋ ಸೋಗಿನದೋ ಎಂದು ಸಹಿ ನೋಡಿ ಪರೀಕ್ಷಿಸುವ ಪ್ರೋಗ್ರಾಂ ಇತ್ತು. "ತಪ್ಪಿದ್ದರೆ ಗೋಟು ಫೇಲ್", ಎಂದರೆ ಪರೀಕ್ಷೆ ಬಿಟ್ಟು ಕೊನೆಗೆ ಹೋಗು, ಎಂಬುದು ಅದರ ಷರತ್ತು. ಒಂದು ಕಡೆ ಆ 'ಗೋಟು ಫೇಲ್' ಸಾಲು ಎರಡು ಸಲ ಬಿದ್ದಿತ್ತು. ಆವರಣವಿರಲಿಲ್ಲ. ಎರಡನೆಯ ಸಾಲು ಷರತ್ತಿನ ಹೊರಗಾಯಿತು. ಸಹಿಯ ಪರೀಕ್ಷೆ ನಡೆಯಲೇ ಇಲ್ಲ. ಆದರೂ "ಎಲ್ಲ ಸರಿ" ಎಂಬ ಉತ್ತರ ಬಂತು. ನಡುವೆ ಕುಳಿತ ಕಳ್ಳ ಬ್ಯಾಂಕಿನ ವೇಷ ಹಾಕಬಹುದಾಗಿತ್ತು. ಫೋನಿಗೆ ಫೆಬ್ರವರಿ 21ರಂದು, ಕಂಪ್ಯೂಟರಿಗೆ 25ರಂದು ತಿದ್ದುಪಡಿ ಬಂತು. ಊರಿಗೆ ಹಣ ಕಳಿಸುವ ನಮ್ಮ ಫೋನುಗಳ ಬೀಗವೂ ಇಂಥ ಸಾಲುಗಳಿಂದಲೇ ಆದುದು.

ಆವರಣವಿದ್ದಿದ್ದರೆ? ಹೆಚ್ಚಿನ ಸಾಲು ಒಳಗೆ ಬಿದ್ದರೆ ಹಾನಿಯಿಲ್ಲ. ಹೊರಗೆ ಬಿದ್ದರೆ ಕಣ್ಣಿಗೆ ಚುಚ್ಚುತ್ತದೆ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಜಿಸಿಸಿ ಎಂಬ ಸಾಧನವೂ 2016ರಿಂದ ಇಂಥ ಮೋಸದ ಜೋಡಣೆಯನ್ನು ಕಂಡು ಎಚ್ಚರಿಸಬಲ್ಲುದು. ಒಂದೇ ಆಜ್ಞೆಯಿದ್ದಲ್ಲಿ ಆವರಣ ಬೇಡವೆಂಬುದು ಲಿನಕ್ಸ್ ಕರ್ನೆಲ್ ಬರೆಯುವವರ ಕಟ್ಟಳೆ. ಅದು ನುರಿತವರ ಒಪ್ಪಂದ. ಕಲಿಯುವ ನಮಗೆ ಬೇಲಿಯೇ ಲೇಸು.

"ಜಾಗ್ರತೆಯಾಗಿರು" ಎಂದು ಗದರಿಸಿದರೆ ತಪ್ಪು ನಿಲ್ಲದೆಂಬುದು ದಣಿದು ದುಡಿದವರಿಗೆ ಗೊತ್ತು. ಗಿರಣಿಯ ಯಂತ್ರದ ಪಟ್ಟೆಗೆ ಕವಚ ಹಾಕುವುದು ಕೆಲಸಗಾರ ಮೂಢನೆಂದಲ್ಲ. ಪಾಳಿಯ ಕೊನೆಗೆ ಅವನ ಕಣ್ಣು ಮಂಜಾಗುತ್ತದೆಂದು. ಈ ಕಟ್ಟಳೆಯೂ ಹಾಗೆಯೇ.

ಆದುದರಿಂದ ತರುಣರೇ, ಪ್ರತಿ ಷರತ್ತಿಗೂ ಆವರಣ ಹಾಕಿರಿ. ಸಾಲಿಗೊಂದೇ ಆಜ್ಞೆ ಬರೆಯಿರಿ. ಒಳಗಿನದನ್ನು ಒಳಕ್ಕೆ ಸರಿಸಿರಿ. ನಿಮ್ಮ ಬರವಣಿಗೆಯನ್ನು ನಾಳೆ ಓದುವವನೂ ಒಬ್ಬ ದಣಿದ ಕೆಲಸಗಾರನೇ.